ರೂತ್ ಬ್ರೌನ್ ಜಾಝ್‌ಗೆ ಬಂದರೋ, ಮರಳಿದರೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಅಮೆರಿಕನ್ ಹಾಡು ಕೇಳುವ ಹುಚ್ಚಿರುವ ಗೆಳೆಯರಿಗೆ ರೂತ್ ಬ್ರೌನ್ ಹಾಡು ಕಳಿಸಿದಾಗೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ವಾಪಸ್ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯಿತು. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾರು ಈ ರೂತ್ ಬ್ರೌನ್?

1928ರ ಜನವರಿ 12ರಂದು ವರ್ಜೀನಿಯಾದ ಪೋರ್ಟ್ಸ್‌ಮತ್ ಊರಲ್ಲಿ ಹುಟ್ಟಿದ ಹಾಡುಗಾರ್ತಿ. 1950ರ ದಶಕದ ಮೊದಲ ಅರ್ಧದಲ್ಲಿ ಅಮೆರಿಕದ ಕಪ್ಪು ಜನರ ಮನೆಗಳಲ್ಲಿ, ಜೂಕ್‌ಬಾಕ್ಸ್‌ಗಳಲ್ಲಿ ಇವರದೇ ದನಿ. ಆಮೇಲೆ ಜನ ಮರೆತೇಬಿಟ್ಟರು. ಮತ್ತೆ ಎದ್ದು ಬಂದು, 60 ದಾಟಿದ ಮೇಲೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಯನ್ನೂ ಸಂಗೀತದ ಗ್ರ್ಯಾಮಿಯನ್ನೂ ಗೆದ್ದರು. ಆ ಗ್ರ್ಯಾಮಿ ಬಂದದ್ದು ಜಾಝ್ ಹಾಡುಗಾರಿಕೆಗೆ. ‘ಆರ್ ಅಂಡ್ ಬಿ ಹಾಡುಗಾರ್ತಿ ಜಾಝ್‌ಗೆ ಬಂದ ಕತೆ’ ಅಂತ ಎಲ್ಲರೂ ಹೇಳುವುದು ಇದನ್ನೇ. ನನಗೆ ಆ ಮಾತಿನ ಮೇಲೆ ಸ್ವಲ್ಪ ತಕರಾರಿದೆ. ಮುಂದೆ ಹೇಳುತ್ತೇನೆ.

ಆರ್ ಅಂಡ್ ಬಿ ಅಂದರೆ ಈಗ ಕೇಳ್ತೀವಲ್ಲ, ಅದೇನಾ?

ಹೆಸರು ಅದೇ, ಸರಕು ಬೇರೆ. 1949ರವರೆಗೆ ಬಿಲ್‌ಬೋರ್ಡ್ ಎಂಬ ಸಂಗೀತ ಉದ್ಯಮದ ಪತ್ರಿಕೆ ಕಪ್ಪು ಜನರ ಜನಪ್ರಿಯ ಹಾಡುಗಳ ಪಟ್ಟಿಗೆ ‘ರೇಸ್ ರೆಕಾರ್ಡ್ಸ್’ ಅಂತ ಹೆಸರಿಟ್ಟಿತ್ತು. ಆಗ ಅಲ್ಲಿ ಕೆಲಸಕ್ಕಿದ್ದ ಜೆರ್ರಿ ವೆಕ್ಸ್‌ಲರ್ ಆ ಹೆಸರು ಚೆನ್ನಾಗಿಲ್ಲ ಅಂತ ‘ರಿದಮ್ ಅಂಡ್ ಬ್ಲೂಸ್’ ಸೂಚಿಸಿದರು. ಅದನ್ನೇ ಚಿಕ್ಕದಾಗಿ ಆರ್ ಅಂಡ್ ಬಿ ಅನ್ನುವುದು. ಇದೇ ವೆಕ್ಸ್‌ಲರ್ 1953ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಸೇರಿಕೊಂಡರು. ಅಂದರೆ ರೂತ್ ಹಾಡುತ್ತಿದ್ದ ಕಂಪನಿಗೇ.

ಹಾಗಾದರೆ ಜಾಝ್‌ಗೂ ಇದಕ್ಕೂ ಏನು ವ್ಯತ್ಯಾಸ?

ಆ ಕಾಲದಲ್ಲಿ ನುಡಿಸುವವರು ಹೆಚ್ಚಿನಂಶ ಅದೇ ಜನ. ಹಗಲು ಸ್ಟುಡಿಯೋದಲ್ಲಿ ಆರ್ ಅಂಡ್ ಬಿ ರೆಕಾರ್ಡಿಗೆ ಸ್ಯಾಕ್ಸೊಫೋನ್ ಊದಿದವರು ರಾತ್ರಿ ಕ್ಲಬ್ಬಿನಲ್ಲಿ ಜಾಝ್ ನುಡಿಸುತ್ತಿದ್ದರು. ವ್ಯತ್ಯಾಸ ಇರುವುದು ಹಾಡಿನ ಕೆಲಸದಲ್ಲಿ. ಆರ್ ಅಂಡ್ ಬಿ ಹಾಡು ಕುಣಿಯುವವರಿಗಾಗಿ. ಎರಡೂವರೆ, ಮೂರು ನಿಮಿಷದಲ್ಲಿ ಮುಗಿಯಬೇಕು. ಬೀಟ್ ಎದ್ದು ಕಾಣಬೇಕು. ಒಂದೇ ಸಲ ಕೇಳಿದರೂ ಬಾಯಲ್ಲಿ ಉಳಿಯಬೇಕು.

ಜಾಝ್‌ನಲ್ಲಿ ಹಾಡು ಒಂದು ಚೌಕಟ್ಟು ಅಷ್ಟೇ. ಹಾಡುಗಾರ್ತಿ ಬೀಟಿಗಿಂತ ತುಸು ಹಿಂದೆ ಸರಿಯಬಹುದು, ಸಾಲನ್ನು ಎಳೆಯಬಹುದು, ಇವತ್ತು ಒಂದು ಥರ ನಾಳೆ ಇನ್ನೊಂದು ಥರ ಹಾಡಬಹುದು. ಕಛೇರಿ ಕೇಳಿ ಅಭ್ಯಾಸ ಇರುವವರಿಗೆ ಇದು ಬೇಗ ಹಿಡಿಸುತ್ತದೆ. ಕೃತಿ ಅದೇ, ನೆರವಲ್ ಮಾತ್ರ ದಿನಕ್ಕೊಂದು ಅಲ್ವಾ? ಹೋಲಿಕೆ ಇಷ್ಟಕ್ಕೇ ಸಾಕು, ಜಾಸ್ತಿ ಎಳೆದರೆ ಹರಿಯುತ್ತದೆ.

ಹಾಡಲು ಕಲಿತದ್ದು ಎಲ್ಲಿ?

ಚರ್ಚಿನಲ್ಲಿ. ತಂದೆ ಬಂದರಿನಲ್ಲಿ ಸರಕು ಹೊರುವ ಕೆಲಸಗಾರ, ಜೊತೆಗೆ ಚರ್ಚಿನ ಹಾಡುಗಾರರ ಮೇಳ ನಡೆಸುತ್ತಿದ್ದರು. ರೂತ್ ಏಳು ಮಕ್ಕಳಲ್ಲಿ ಹಿರಿಯವರು. ಹುಟ್ಟು ಹೆಸರು ರೂತ್ ಆಲ್‌ಸ್ಟನ್ ವೆಸ್ಟನ್.

ಹುಡುಗಿಗೆ ಮಾತ್ರ ಬಿಲ್ಲಿ ಹಾಲಿಡೇ, ಸಾರಾ ವಾನ್, ಡೈನಾ ವಾಷಿಂಗ್ಟನ್ ಹುಚ್ಚು. ಮೂವರೂ ಜಾಝ್ ಹಿನ್ನೆಲೆಯವರು ಅನ್ನುವುದನ್ನು ಗಮನಿಸಿ. ಮನೆಯಲ್ಲಿ ಅಂಥ ಹಾಡು ನಿಷಿದ್ಧ, ತಂದೆಯ ಲೆಕ್ಕದಲ್ಲಿ ಅದು ಸೈತಾನನ ಸಂಗೀತ. ಮೇಳದ ಅಭ್ಯಾಸಕ್ಕೆ ಹೋಗ್ತೀನಿ ಅಂತ ಸುಳ್ಳು ಹೇಳಿ ಸೈನಿಕರ ಕ್ಲಬ್ಬುಗಳಲ್ಲಿ ಹಾಡಿ ಬರುತ್ತಿದ್ದರು. ನ್ಯೂಯಾರ್ಕಿಗೆ ಗುಟ್ಟಾಗಿ ಹೋಗಿ ಹಾರ್ಲೆಮ್‌ನ ಅಪೊಲೊ ಥಿಯೇಟರ್‌ನ ಹವ್ಯಾಸಿಗಳ ಸ್ಪರ್ಧೆ ಗೆದ್ದರು. ಅಲ್ಲಿ ಹಾಡಿದ್ದು ನಿಧಾನದ ಪ್ರೇಮಗೀತೆ. 1945ರಲ್ಲಿ, 17ರ ವಯಸ್ಸಿಗೆ, ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಓಡಿಹೋದರು. ಆತನಿಗೆ ಮೊದಲೇ ಹೆಂಡತಿ ಇದ್ದಳು ಅನ್ನುವುದು ಆಮೇಲೆ ಗೊತ್ತಾಯಿತು. ಮದುವೆ ನಿಲ್ಲಲಿಲ್ಲ. ‘ಬ್ರೌನ್’ ಮಾತ್ರ ಹೆಸರಿಗೆ ಅಂಟಿಕೊಂಡಿತು.

ಆಸ್ಪತ್ರೆ ಹಾಸಿಗೆಯಲ್ಲೇ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದರು ಅಂತಾರೆ. ನಿಜವಾ?

ನಿಜ. ಅದಕ್ಕೂ ಮುಂಚಿನದು ಸ್ವಲ್ಪ ಹೇಳಬೇಕು. 1948ರಲ್ಲಿ ಲಕ್ಕಿ ಮಿಲಿಂಡರ್ ಎಂಬ ಬ್ಯಾಂಡ್ ಯಜಮಾನರ ತಂಡಕ್ಕೆ ಸೇರಿದರು. ಒಂದು ತಿಂಗಳ ಹೊತ್ತಿಗೆ ಅವರು ‘ನಿನಗೆ ಹಾಡೋಕೆ ಬರೋಲ್ಲ’ ಅಂತ ವಾಷಿಂಗ್ಟನ್‌ನಲ್ಲೇ ಕೈಬಿಟ್ಟರು. ಊರಿಗೆ ಹೋಗಲೂ ಕೈಯಲ್ಲಿ ದುಡ್ಡಿಲ್ಲ. ಅಲ್ಲಿ ಕ್ರಿಸ್ಟಲ್ ಕ್ಯಾವರ್ನ್ಸ್ ಎಂಬ ಕ್ಲಬ್ ನಡೆಸುತ್ತಿದ್ದ ಬ್ಲಾಂಚ್ ಕ್ಯಾಲೊವೇ ಇವರನ್ನು ಹಾಡಲು ಕರೆದರು, ಮ್ಯಾನೇಜರ್ ಕೂಡ ಆದರು. ಬ್ಲಾಂಚ್ ತಾವೇ ಬ್ಯಾಂಡ್ ನಡೆಸಿದ್ದವರು, ಜಾಝ್ ಲೋಕದ ಕ್ಯಾಬ್ ಕ್ಯಾಲೊವೇ ಅವರ ಅಕ್ಕ.

ಅಲ್ಲಿ ಕೇಳಿದವರ ಬಾಯಿಂದ ಹೆಸರು ನ್ಯೂಯಾರ್ಕಿಗೆ ಮುಟ್ಟಿತು. ಅಹ್ಮೆತ್ ಎರ್ಟೆಗುನ್ ಮತ್ತು ಹರ್ಬ್ ಅಬ್ರಾಮ್ಸನ್ 1947ರಲ್ಲಷ್ಟೇ ಅಟ್ಲಾಂಟಿಕ್ ಕಂಪನಿ ಶುರುಮಾಡಿದ್ದರು. ಕರೆ ಬಂತು. ಅಪೊಲೊದಲ್ಲಿ ಹಾಡುವುದಕ್ಕೂ ಏರ್ಪಾಡಾಯಿತು. ಅದಕ್ಕೆಂದು ಹೊರಟಾಗ 1948ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಚೆಸ್ಟರ್ ಬಳಿ ಕಾರು ಅಪಘಾತ. ಕಾಲುಗಳು ಮುರಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ಅಟ್ಲಾಂಟಿಕ್ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದ್ದು ಆಗಲೇ. 21ನೇ ಹುಟ್ಟುಹಬ್ಬದ ದಿನ ಎರ್ಟೆಗುನ್ ನೋಡಲು ಬಂದದ್ದನ್ನು, ಸ್ವರಲಿಪಿ ಓದುವುದು ಕಲಿಸುವ ಪುಸ್ತಕ ಮತ್ತು ಶ್ರುತಿ ಹಿಡಿಯುವ ಪೀಪಿ ತಂದುಕೊಟ್ಟದ್ದನ್ನು ರೂತ್ ಕೊನೆತನಕ ಹೇಳಿಕೊಳ್ಳುತ್ತಿದ್ದರು. ಕಾಲಿನ ನೋವು ಮಾತ್ರ ಆಯುಷ್ಯ ಪೂರ್ತಿ ಬಿಡಲಿಲ್ಲ.

ಮೊದಲ ಹಾಡೇ ಹಿಟ್ ಆಯಿತಾ?

ಆಯಿತು. 1949ರ ಮೇ ತಿಂಗಳಲ್ಲಿ ಊರುಗೋಲು ಹಿಡಿದೇ ಸ್ಟುಡಿಯೋದಲ್ಲಿ ನಿಂತು ‘ಸೋ ಲಾಂಗ್’ ಹಾಡಿದರು. ಹಿನ್ನೆಲೆಯಲ್ಲಿದ್ದದ್ದು ಗಿಟಾರ್ ವಾದಕ ಎಡ್ಡಿ ಕಾಂಡನ್ ಅವರ ತಂಡ. ಕಾಂಡನ್ ಅಂದರೆ ಹಳೇ ಚಿಕಾಗೋ ಜಾಝ್‌ನ ದೊಡ್ಡ ಹೆಸರು. ಆರ್ ಅಂಡ್ ಬಿ ರಾಣಿ ಅನ್ನಿಸಿಕೊಂಡವರ ಮೊದಲ ರೆಕಾರ್ಡಿಗೆ ನುಡಿಸಿದ್ದು ಜಾಝ್ ತಂಡ, ಹಾಡಿದ್ದು ಬ್ಯಾಲಡ್, ಅಂದರೆ ನಿಧಾನದ ಭಾವಗೀತೆ. ನನ್ನ ತಕರಾರು ಇಲ್ಲಿಂದಲೇ ಶುರು.

ಹಾಗಾದರೆ ಕುಣಿಸುವ ಹಾಡು ಶುರುವಾದದ್ದು ಯಾವಾಗ?

1950ರಲ್ಲಿ, ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಜೊತೆ. ಬರೆದವರು ರೂಡಿ ಟೂಂಬ್ಸ್. ಕಂಪನಿಗೆ ಬೀಟ್ ಇರುವ ಹಾಡು ಬೇಕಿತ್ತು, ರೂತ್‌ಗೆ ಬ್ಯಾಲಡ್ ಮೇಲೇ ಮನಸ್ಸು. ಹಾಡಿದರು. ಆರ್ ಅಂಡ್ ಬಿ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನ! ಅಲ್ಲಿಗೆ ದಾರಿ ತೀರ್ಮಾನವಾಯಿತು. 1952ರಲ್ಲಿ ‘ಫೈವ್-ಟೆನ್-ಫಿಫ್ಟೀನ್ ಅವರ್ಸ್’, 1953ರಲ್ಲಿ ‘ಮಾಮಾ, ಹೀ ಟ್ರೀಟ್ಸ್ ಯುವರ್ ಡಾಟರ್ ಮೀನ್’, 1954ರಲ್ಲಿ ‘ಓ ವಾಟ್ ಎ ಡ್ರೀಮ್’ ಮತ್ತು ‘ಮಾಂಬೊ ಬೇಬಿ’. ಐದೂ ಆ ಪಟ್ಟಿಯ ತುದಿ ಮುಟ್ಟಿದವು. ಗಾಯಕ ಫ್ರ್ಯಾಂಕಿ ಲೇನ್ ಇವರಿಗೆ ‘ಮಿಸ್ ರಿದಮ್’ ಅಂತ ಹೆಸರಿಟ್ಟರು.

ಮಜಾ ಅಂದರೆ ‘ಮಾಮಾ’ ಹಾಡು ಕೂಡ ಮೊದಲು ಅವರಿಗೆ ಇಷ್ಟವಿರಲಿಲ್ಲ.

ಸಾಲಿನ ಕೊನೆಯಲ್ಲಿ ದನಿ ಕೀರಲಾಗುತ್ತಲ್ಲ, ಅದು ತಪ್ಪಾ, ಬೇಕಂತ ಮಾಡಿದ್ದಾ?

ಅದೇ ಅವರ ಮುದ್ರೆ. ಪದ ಮುಗಿಯುವಲ್ಲಿ ದನಿ ಥಟ್ಟನೆ ಮೇಲೆ ಹಾರಿ ಒಂದು ಚೂರು ಒಡೆಯುತ್ತದೆ. ಕಂಪನಿಯವರಿಗೂ ಕೇಳುಗರಿಗೂ ಅದು ಬೇಕಿತ್ತು. ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ತಾವು ರೂತ್ ಅವರಿಂದ ಕಲಿತಿದ್ದಾಗಿ ಒಪ್ಪಿಕೊಂಡಿದ್ದಾರೆ. ರಾಕ್ ಅಂಡ್ ರೋಲ್‌ನ ಕೂಗಿನಲ್ಲಿ ಈ ಹೆಂಗಸಿನ ಪಾಲೂ ಇದೆ.

‘ರೂತ್ ಕಟ್ಟಿದ ಮನೆ’ ಅಂದರೇನು?

ಅಟ್ಲಾಂಟಿಕ್ ಕಂಪನಿಗೆ ಬಿದ್ದ ಅಡ್ಡಹೆಸರು. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ ಅನ್ನು ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಕಟ್ಟಿದ ಮನೆ ಅನ್ನುತ್ತಿದ್ದರು. ಆ ಮಾತನ್ನೇ ಇಲ್ಲಿಗೆ ತಿರುಗಿಸಿದರು. ಸುಮ್ನೆ ಹೊಗಳಿಕೆ ಅಲ್ಲ. ಚಿಕ್ಕ ಕಂಪನಿಯನ್ನು ಆರಂಭದ ವರ್ಷಗಳಲ್ಲಿ ನಿಲ್ಲಿಸಿದ್ದು ಇವರ ರೆಕಾರ್ಡುಗಳು.

ಅಷ್ಟು ಹೆಸರಿದ್ದವರು ಮರೆಯಾದದ್ದು ಹೇಗೆ?

ಕಾರಣ ಒಂದಲ್ಲ. ಮೊದಲನೆಯದು ಕವರ್ ಹಾಡುಗಳ ಕಾಟ. ಕಪ್ಪು ಹಾಡುಗಾರರ ಹಿಟ್ ಹಾಡನ್ನು ಬಿಳಿಯ ಹಾಡುಗಾರರು ತಕ್ಷಣ ಮತ್ತೆ ಹಾಡುತ್ತಿದ್ದರು. ದೊಡ್ಡ ರೇಡಿಯೋ ಕೇಂದ್ರಗಳು ಅದನ್ನೇ ಹಾಕುತ್ತಿದ್ದವು. ‘ಓ ವಾಟ್ ಎ ಡ್ರೀಮ್’ ಹಾಡನ್ನು ಪ್ಯಾಟಿ ಪೇಜ್ ಹಾಡಿದರು, ‘ಮಾಂಬೊ ಬೇಬಿ’ಯನ್ನು ಜಾರ್ಜಿಯಾ ಗಿಬ್ಸ್. ಹೆಚ್ಚು ಮಾರುಕಟ್ಟೆ ಅವರ ಕೈಗೆ ಹೋಯಿತು. ದಕ್ಷಿಣದ ರಾಜ್ಯಗಳಲ್ಲಿ ಹಾಡಲು ಹೋದರೆ ಸಭಾಂಗಣದ ನಡುವೆ ಹಗ್ಗ ಕಟ್ಟಿ ಕಪ್ಪು, ಬಿಳಿ ಜನರನ್ನು ಬೇರೆ ಮಾಡುತ್ತಿದ್ದರು. ಹಾಡಿದವರಿಗೆ ಆ ಊರಿನ ಹೋಟೆಲಿನಲ್ಲಿ ರೂಮು ಸಿಗುತ್ತಿರಲಿಲ್ಲ.

ಎರಡನೆಯದು ರುಚಿ ಬದಲಾದದ್ದು. ಹದಿಹರೆಯದವರ ರಾಕ್ ಅಂಡ್ ರೋಲ್ ಬಂತು. ಕಂಪನಿ ರೂತ್‌ಗೂ ಅಂಥ ಹಾಡು ಕೊಟ್ಟಿತು. 1957ರ ‘ಲಕ್ಕಿ ಲಿಪ್ಸ್’ ಪಾಪ್ ಪಟ್ಟಿಯಲ್ಲಿ 25ರವರೆಗೆ ಹೋಯಿತು. ಕೇಳಲು ಚಂದ, ಆದರೆ ಅಷ್ಟು ದೊಡ್ಡ ದನಿಗೆ ಅದು ತೀರಾ ಸಣ್ಣ ಅಂಗಿ ಅನ್ನಿಸುತ್ತದೆ. 1961ರ ಹೊತ್ತಿಗೆ ಅಟ್ಲಾಂಟಿಕ್ ಬಿಟ್ಟರು. ಬೇರೆ ಕಂಪನಿಗಳಿಗೆ ಒಂದೆರಡು ಆಲ್ಬಂ ಮಾಡಿದರು. ನಡೆಯಲಿಲ್ಲ.

ಆಮೇಲೆ ಲಾಂಗ್ ಐಲೆಂಡ್‌ನಲ್ಲಿ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಾ ಮನೆಗೆಲಸ ಮಾಡಿದರು, ಶಾಲೆಯ ಬಸ್ ಓಡಿಸಿದರು.

ಅಷ್ಟು ರೆಕಾರ್ಡ್ ಮಾರಾಟವಾದ ಮೇಲೆ ದುಡ್ಡೆಲ್ಲ ಎಲ್ಲಿಗೆ ಹೋಯಿತು?

ನನಗೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಉತ್ತರ ಇರುವುದು ಲೆಕ್ಕದ ಪುಸ್ತಕದಲ್ಲಿ.

ಆ ಕಾಲದ ಕಾಂಟ್ರ್ಯಾಕ್ಟ್‌ನಲ್ಲಿ ಹಾಡುಗಾರರಿಗೆ ರಾಯಲ್ಟಿ ಅಂತ ಒಂದು ಸಣ್ಣ ಪಾಲು ಇರುತ್ತಿತ್ತು. ಆದರೆ ಸ್ಟುಡಿಯೋ ಬಾಡಿಗೆ, ವಾದ್ಯದವರ ಕೂಲಿ ಎಲ್ಲವನ್ನೂ ಹಾಡುಗಾರರ ಖಾತೆಗೇ ಖರ್ಚು ಬರೆಯುತ್ತಿದ್ದರು. ಮೊದಲು ಆ ಖರ್ಚು ತೀರಬೇಕು, ಆಮೇಲೆ ಪಾಲು. ಮುಂಗಡ ಕೊಟ್ಟದ್ದೂ ಅದೇ ಖಾತೆಗೆ. ಹಾಗಾಗಿ ಹಾಡು ಹಿಟ್ ಆದರೂ ಪುಸ್ತಕದಲ್ಲಿ ಹಾಡುಗಾರರೇ ಸಾಲಗಾರರು. ಸಾಹುಕಾರನ ಹತ್ತಿರ ಬೀಜಕ್ಕೆ ಸಾಲ ತಂದು, ಸುಗ್ಗಿಯಾದ ಮೇಲೂ ಬಾಕಿ ಉಳಿದ ಹಾಗೆ. ಇದು ಬರೀ ಒಂದು ಕಂಪನಿಯ ಪದ್ಧತಿ ಆಗಿರಲಿಲ್ಲ. ಇಡೀ ಉದ್ಯಮದ ನಡೆ ಹಾಗಿತ್ತು.

1980ರ ದಶಕದಲ್ಲಿ ಹಾವೆಲ್ ಬೆಗಲ್ ಎಂಬ ವಾಷಿಂಗ್ಟನ್ ವಕೀಲರು ಕಾರ್ಯಕ್ರಮಕ್ಕೆ ಬಂದರು. ಚಿಕ್ಕಂದಿನಿಂದ ಇವರ ಅಭಿಮಾನಿ. ಸಹಿ ಹಾಕಿಸಿಕೊಳ್ಳಲು ಹಳೇ ರೆಕಾರ್ಡುಗಳನ್ನು ತಂದಿದ್ದರು. ಮಾತಿಗೆ ಮಾತು ಬಂದು, ಇವು ಈಗಲೂ ಮಾರಾಟವಾಗುತ್ತಿವೆ, ನನಗೆ ಮಾತ್ರ ಒಂದು ಕಾಸೂ ಬಂದಿಲ್ಲ ಅಂತ ರೂತ್ ಹೇಳಿದರು. ಬೆಗಲ್ ಸಂಬಳ ತೆಗೆದುಕೊಳ್ಳದೆ ಬೆನ್ನು ಹತ್ತಿದರು. ವರ್ಷಗಟ್ಟಲೆ ಎಳೆದಾಡಿತು. ರೂತ್ ಅಮೆರಿಕದ ಸಂಸತ್ ಸಮಿತಿಯ ಮುಂದೆಯೂ ಹೋಗಿ ಹೇಳಿ ಬಂದರು. ಕೊನೆಗೆ 1988ರಲ್ಲಿ ಅಟ್ಲಾಂಟಿಕ್ ಒಪ್ಪಿತು. ಇವರಿಗಷ್ಟೇ ಅಲ್ಲ, ಹಳಬರಾದ ಬೇರೆ ಹಾಡುಗಾರರ ಹೆಸರಿನಲ್ಲಿದ್ದ ಸಾಲವನ್ನೂ ಅಳಿಸಿ ಹಳೇ ಬಾಕಿ ಕೊಟ್ಟಿತು. ಅದೇ ವರ್ಷ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿತು. ಅದಕ್ಕೆ ಅಟ್ಲಾಂಟಿಕ್ ಕೊಟ್ಟ ದುಡ್ಡು 15 ಲಕ್ಷ ಡಾಲರ್. ವಯಸ್ಸಾಗಿ ಕಾಯಿಲೆ ಬಿದ್ದ ಹಾಡುಗಾರರಿಗೆ ಆಸರೆಯಾಗುವುದು ಅದರ ಕೆಲಸ.

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಹಿಟ್ ಇದೇ.

ಸರಿ, ಜಾಝ್‌ಗೆ ಬಂದದ್ದು ಯಾವಾಗ?

ಕತೆ ಬರೆಯುವವರು ಸಾಮಾನ್ಯವಾಗಿ 1989 ಅನ್ನುತ್ತಾರೆ, ಟೋನಿ ಪ್ರಶಸ್ತಿ ಬಂದ ವರ್ಷ. ನಾನು 1968 ಅನ್ನುತ್ತೇನೆ.

ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆ ಕ್ಲಬ್ಬಿನಲ್ಲಿ 1966ರಿಂದ ಪ್ರತಿ ಸೋಮವಾರ ರಾತ್ರಿ ಒಂದು ದೊಡ್ಡ ಜಾಝ್ ತಂಡ ನುಡಿಸುತ್ತಿತ್ತು. ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್ ಮತ್ತು ಡ್ರಮ್ಮರ್ ಮೆಲ್ ಲೂಯಿಸ್ ಕಟ್ಟಿದ ತಂಡ. ಊರಿನ ಒಳ್ಳೊಳ್ಳೆ ಸ್ಟುಡಿಯೋ ವಾದಕರೆಲ್ಲ ಅಲ್ಲಿದ್ದರು. ಈ ತಂಡದ ಜೊತೆ ರೂತ್ 1968ರಲ್ಲಿ ಸಾಲಿಡ್ ಸ್ಟೇಟ್ ಕಂಪನಿಗೆ ಒಂದು ಆಲ್ಬಂ ಮಾಡಿದರು. ‘ಬ್ಲ್ಯಾಕ್ ಕಾಫಿ’, ‘ಬೈ ಬೈ ಬ್ಲ್ಯಾಕ್‌ಬರ್ಡ್’, ‘ಟ್ರಬಲ್ ಇನ್ ಮೈಂಡ್’ ಥರದ ಹಳೇ ಹಾಡುಗಳು. ಹಿತ್ತಾಳೆ ವಾದ್ಯಗಳ ಗೋಡೆಯೇ ಎದುರಿಗೆ ನಿಂತಿದೆ. ಚೂರು ಹೆದರಿದರೂ ದನಿ ಅದರಡಿ ಹೂತುಹೋಗುತ್ತದೆ. ರೂತ್ ಹೆದರುವುದಿಲ್ಲ. ಕಿರುಚುವುದೂ ಇಲ್ಲ. ಸಾಲುಗಳನ್ನು ಆರಾಮವಾಗಿ ಹಿಂದಕ್ಕೆ ಎಳೆದು ಹಾಡುತ್ತಾರೆ. 40 ತುಂಬಿದ ಹೆಂಗಸು, ಮೊದಲ ಸಲ ತನ್ನ ಅಳತೆಯ ಬಟ್ಟೆ ಹಾಕಿಕೊಂಡ ಹಾಗೆ.

ಮಾರಾಟದ ಮಾತು ಬಿಡಿ. ಆಗ ಅದನ್ನು ಕೊಂಡವರು ಕಮ್ಮಿ.

ಹಾಗಾಗಿ ‘ಆರ್ ಅಂಡ್ ಬಿ ಬಿಟ್ಟು ಜಾಝ್‌ಗೆ ಬಂದರು’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಚಿಕ್ಕಂದಿನಲ್ಲಿ ಬಿಲ್ಲಿ ಹಾಲಿಡೇ ಕೇಳಿ ಬೆಳೆದವರು, ಜಾಝ್ ತಂಡದ ಜೊತೆ ಮೊದಲ ರೆಕಾರ್ಡ್ ಮಾಡಿದವರು. 1959ರಲ್ಲೇ, ಅಟ್ಲಾಂಟಿಕ್‌ನಲ್ಲಿದ್ದಾಗಲೇ, ‘ಲೇಟ್ ಡೇಟ್ ವಿತ್ ರೂತ್ ಬ್ರೌನ್’ ಅಂತ ಪೂರ್ತಿ ಬ್ಯಾಲಡ್‌ಗಳ ಆಲ್ಬಂ ಹಾಡಿದ್ದರು. ನಡುವೆ ಹತ್ತು ಹನ್ನೆರಡು ವರ್ಷ ಬೀಟ್ ಹಾಡುಗಳು ಅನ್ನ ಹಾಕಿದವು. ಆಮೇಲೆ ಹಳೇ ಮನೆಗೆ ವಾಪಸ್ ಬಂದರು.

ಮತ್ತೆ ವೇದಿಕೆಗೆ ಕರೆತಂದವರು ಯಾರು?

ಹಾಸ್ಯನಟ ರೆಡ್ ಫಾಕ್ಸ್. ಹಿಂದೆ ಫಾಕ್ಸ್ ಕಷ್ಟದಲ್ಲಿದ್ದಾಗ ರೂತ್ ನೆರವಾಗಿದ್ದರು. 1970ರ ದಶಕದ ನಡುವೆ ಫಾಕ್ಸ್ ಟಿವಿಯಲ್ಲಿ ದೊಡ್ಡ ಸ್ಟಾರ್. ಹಳೇ ಉಪಕಾರ ಮರೆಯದೆ ಲಾಸ್ ಏಂಜಲೀಸ್‌ಗೆ ಕರೆಸಿಕೊಂಡರು. ‘ಸೆಲ್ಮಾ’ ಎಂಬ ಸಂಗೀತ ನಾಟಕದಲ್ಲಿ ಭಕ್ತಿಗೀತೆಗಳ ಹಾಡುಗಾರ್ತಿ ಮಹೇಲಿಯಾ ಜಾಕ್ಸನ್ ಪಾತ್ರ ಸಿಕ್ಕಿತು. ಅಲ್ಲಿಂದ ನಟನೆಯ ದಾರಿ ತೆರೆಯಿತು.

ಸಿನಿಮಾದಲ್ಲಿ ನೋಡಿದ ನೆನಪು. ಅವರೇನಾ?

ಅವರೇ. ಜಾನ್ ವಾಟರ್ಸ್ ನಿರ್ದೇಶನದ 1988ರ ‘ಹೇರ್‌ಸ್ಪ್ರೇ’, ಹೊಂಬಣ್ಣದ ವಿಗ್ ಹಾಕಿಕೊಂಡ ಮೋಟರ್‌ಮೌತ್ ಮೇಬಲ್. ರೆಕಾರ್ಡ್ ಅಂಗಡಿ ಇಟ್ಟುಕೊಂಡಿರುವ ಪಾತ್ರ.

ಟೋನಿ, ಗ್ರ್ಯಾಮಿ ಎರಡೂ ಯಾವುದಕ್ಕೆ ಬಂದವು?

ಎರಡರ ಬೇರೂ ಒಂದೇ ಕಡೆ. ‘ಬ್ಲ್ಯಾಕ್ ಅಂಡ್ ಬ್ಲೂ’ ಎಂಬ ಪ್ರದರ್ಶನ 1985ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. 1920, 30ರ ದಶಕದ ಕಪ್ಪು ಹಾಡು, ಟ್ಯಾಪ್ ಕುಣಿತ ಸೇರಿಸಿ ಮಾಡಿದ್ದು. 1989ರ ಜನವರಿಯಲ್ಲಿ ನ್ಯೂಯಾರ್ಕಿನ ನಾಟಕಶಾಲೆಗಳ ಬೀದಿ ಬ್ರಾಡ್‌ವೇಯ ಮಿನ್‌ಸ್ಕಾಫ್ ಥಿಯೇಟರ್‌ಗೆ ಬಂತು. ಲಿಂಡಾ ಹಾಪ್ಕಿನ್ಸ್, ಕ್ಯಾರಿ ಸ್ಮಿತ್ ಜೊತೆ ರೂತ್ ಹಾಡುತ್ತಿದ್ದರು. ಅದರಲ್ಲಿ ಅವರದೊಂದು ತುಂಟ ಹಾಡಿದೆ. ಕುರ್ಚಿ ಮಾರುವ ಅಂಗಡಿಯವಳು, ಬೆಲೆ ಬರದಿದ್ದರೆ ಅದರ ಮೇಲೆ ನಾನೇ ಕೂತಿರ್ತೀನಿ ಅನ್ನುತ್ತಾಳೆ. ಮಾತು ಕುರ್ಚಿಯ ಬಗ್ಗೆ ಅಲ್ಲ ಅನ್ನುವುದು ಸಭೆಗೆಲ್ಲ ಗೊತ್ತು. ಆ ವರ್ಷ ಸಂಗೀತ ನಾಟಕದ ಅತ್ಯುತ್ತಮ ನಟಿ ಅಂತ ಟೋನಿ ಬಂತು.

ಇದೇ ಬಗೆಯ ಹಾಡುಗಳನ್ನಿಟ್ಟು ಫ್ಯಾಂಟಸಿ ಕಂಪನಿಗೆ ‘ಬ್ಲೂಸ್ ಆನ್ ಬ್ರಾಡ್‌ವೇ’ ಮಾಡಿದರು. 1990ರ ಗ್ರ್ಯಾಮಿ ಸಮಾರಂಭದಲ್ಲಿ ಅದಕ್ಕೆ ಮಹಿಳೆಯರ ಜಾಝ್ ಹಾಡುಗಾರಿಕೆಯ ಪ್ರಶಸ್ತಿ ಸಿಕ್ಕಿತು. ಹೆಸರಲ್ಲಿ ಬ್ಲೂಸ್, ಪ್ರಶಸ್ತಿ ಜಾಝ್‌ನದು, ಹಾಡಿದವರು ಆರ್ ಅಂಡ್ ಬಿಯವರು. ಚೀಟಿ ಅಂಟಿಸುವವರ ಪಾಡು ನೋಡಿ! 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಸೇರಿಸಿಕೊಂಡರು.

ವಯಸ್ಸಾದ ಮೇಲೆ ದನಿ ಕೆಟ್ಟಿತು ಅಂತಾರಲ್ಲ?

ಬದಲಾಯಿತು ಅನ್ನಿ. ಹಳೇ ಕೀರಲು ಹೋಯಿತು. ದನಿ ಕೆಳಗಿಳಿದು ಒರಟಾಯಿತು. ಮೇಲಿನ ಸ್ವರ ಮುಟ್ಟಲು ಕಷ್ಟವಾದಾಗ ಮಾತಿನ ಹಾಗೆ ಹೇಳಿಬಿಡುತ್ತಾರೆ. ಆದರೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದು ಮೊದಲಿಗಿಂತ ಚೆನ್ನಾಗಿ ಗೊತ್ತಿದೆ. 1997ರ ‘ಆರ್ ಪ್ಲಸ್ ಬಿ ಈಕ್ವಲ್ಸ್ ರೂತ್ ಬ್ರೌನ್’ ಕೇಳಿದರೆ ಗೊತ್ತಾಗುತ್ತದೆ. ತೊಂಬತ್ತರ ದಶಕದಲ್ಲಿ ಗಾಯಕಿ ಬಾನಿ ರೇಟ್ ತಮ್ಮ ಪ್ರವಾಸಕ್ಕೆ ಜೊತೆಗೆ ಕರೆದುಕೊಂಡು ಹೋಗಿ ಹೊಸ ಕೇಳುಗರಿಗೆ ಪರಿಚಯಿಸಿದರು.

ಹೀಗೆ ದಾರಿ ಬದಲಿಸಿದವರು ಬೇರೆ ಯಾರಾದರೂ ಇದ್ದಾರಾ?

ಆರ್ ಅಂಡ್ ಬಿ ಹಾಡುಗಾರ್ತಿ ಎಟಾ ಜೇಮ್ಸ್ ಇದ್ದರು. 1994ರಲ್ಲಿ ಬಿಲ್ಲಿ ಹಾಲಿಡೇ ಹಾಡುಗಳ ಆಲ್ಬಂ ಮಾಡಿ ಜಾಝ್ ಗ್ರ್ಯಾಮಿ ಗೆದ್ದರು. ಡೈನಾ ವಾಷಿಂಗ್ಟನ್ ಹೊರಟದ್ದು ಆ ತುದಿಯಿಂದ, ಲಯನಲ್ ಹ್ಯಾಂಪ್ಟನ್ ಜಾಝ್ ತಂಡದಿಂದ ಬಂದು ಆರ್ ಅಂಡ್ ಬಿ ಪಟ್ಟಿ ಆಳಿದರು.

ಈಗ ಇದ್ದಾರಾ?

ಇಲ್ಲ. 2006ರ ನವೆಂಬರ್ 17ರಂದು ನೆವಾಡಾದಲ್ಲಿ ತೀರಿಕೊಂಡರು. 78 ವರ್ಷವಾಗಿತ್ತು. 2016ರಲ್ಲಿ ಗ್ರ್ಯಾಮಿಯವರು ಜೀವಮಾನ ಸಾಧನೆಯ ಗೌರವ ಕೊಟ್ಟರು.

ಎಲ್ಲಿಂದ ಕೇಳಲು ಶುರುಮಾಡಲಿ?

ಎಲ್ಲರೂ ‘ಮಾಮಾ’ ಹಾಡಿನಿಂದ ಶುರುಮಾಡಿ ಅನ್ನುತ್ತಾರೆ. ತಪ್ಪೇನಿಲ್ಲ, ಕಾಲು ತಾನಾಗೇ ಕುಣಿಯುತ್ತದೆ. ನಾನು ಮಾತ್ರ 1949ರ ‘ಸೋ ಲಾಂಗ್’ ಮೊದಲು ಕೇಳಿ ಅನ್ನುತ್ತೇನೆ. ಅದು ಮುಗಿದ ತಕ್ಷಣ 1968ರ ‘ಬ್ಲ್ಯಾಕ್ ಕಾಫಿ’ ಹಾಕಿ. ನಡುವಿನ ಹಿಟ್‌ಗಳೆಲ್ಲ ಆಮೇಲೆ. ಸಾಧ್ಯವಾದರೆ ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಫೋನಿನ ಸ್ಪೀಕರ್‌ನಲ್ಲಿ ಆ ಹಿತ್ತಾಳೆ ವಾದ್ಯಗಳು ಬರೀ ಪಾತ್ರೆ ಸದ್ದಾಗಿಬಿಡುತ್ತವೆ.